ಗಾಳಿ ತೆಳುವಾದಲ್ಲಿ ಬಡಿದ ಗಂಟೆ

ಮಳೆ ಬೀಳುವ ಮೊದಲು ಪೆಟ್ಟಿಗೆ ಸಿಗಬೇಕಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಭದ್ರಾವತಿಯ ನ್ಯೂ ಟೌನ್ ಮೈದಾನದಿಂದ ಜಯಕುಮಾರ್ ಮೇಷ್ಟ್ರು ಬಲೂನು ಬಿಟ್ಟಿದ್ದರು. ಅದಕ್ಕೆ ಪ್ಯಾರಾಚೂಟಿನೊಂದಿಗೆ ತೂಗುಹಾಕಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಉಷ್ಣಮಾಪಕ, ರೆಕಾರ್ಡರ್, ನಿಮಿಷಕ್ಕೊಮ್ಮೆ ಬಡಿಯುವ ಪುಟ್ಟ ಗಂಟೆ. ಮೇಲೇರಿದಂತೆ ಗಾಳಿ ತೆಳುವಾಗಿ ಗಂಟೆಯ ಸದ್ದು ಹೇಗೆ ಕುಂದುತ್ತದೆಂದು ಮಕ್ಕಳಿಗೆ ಕೇಳಿಸುವ ಆಸೆ ಅವರದು. ಎಂಟೂವರೆಗೆ ಆಕಾಶ ನೋಡುತ್ತಲೇ ಕುಸಿದರು. ಮತ್ತೆ ಏಳಲಿಲ್ಲ.

ರೆಕಾರ್ಡರಿನಲ್ಲಿ, ಬಲೂನು ಬಿಡುವಾಗ ಅವರಾಡಿದ ಕೊನೆಯ ಮಾತಿತ್ತು. ಹೆಂಡತಿ ಪುಷ್ಪಮ್ಮನಿಗೆ ಅದೊಂದೇ ಬೇಕಿತ್ತು.

ಮೂರನೆಯ ದಿನ ಮೇಷ್ಟ್ರ ಶಿಷ್ಯೆ ಶರಣ್ಯಾ ಆಯನೂರಿನಾಚೆಯ ಕಾಡು ಹೊಕ್ಕಳು. ಜೊತೆಗೆ ವ್ಯಾನಿನ ಚಂದ್ರು, ದಾರಿ ಬಲ್ಲ ಮೂರ್ತಪ್ಪ. ಜಿಪಿಎಸ್ ಕೊನೆಯದಾಗಿ ತೋರಿಸಿದ್ದು ಇದೇ ಜಾಗವನ್ನು. ಎಲೆಯುದುರಿದ ಮರಗಳ ನಡುವೆ ಬಿದಿರು ಒಣಗಿ ನಿಂತಿತ್ತು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು.

ಟಿಣ್.

ಮೂವರೂ ನಿಂತರು. ಒಂದು ನಿಮಿಷ ಕಳೆಯಿತು. ಟಿಣ್.

“ಬ್ಯಾಟರಿ ಆರು ಗಂಟೆ ಅಷ್ಟೇ ಬರೋದು. ನಾನೇ ಹಾಕಿದ್ದು,” ಎಂದಳು ಶರಣ್ಯಾ.

“ಹಂಗಾದ್ರೆ ಬಾರಿಸ್ತಿರೋದು ಯಾರು ಮಾರಾಯ್ತಿ?” ಮೂರ್ತಪ್ಪ ಅಲ್ಲೇ ಕೂತ. ಮುಂದೆ ಬರಲೊಲ್ಲೆನೆಂದ.

ಅವಳು ಸದ್ದಿನ ಬೆನ್ನು ಹತ್ತಿದಳು.

ಎದುರಿಗೆ ಕೊರಕಲು. ಬೇರು ಹಿಡಿದು ಇಳಿದಳು. ಕಲ್ಲು ಜಾರಿತು. ಚಂದ್ರು ರಟ್ಟೆ ಹಿಡಿದೆಳೆದ. ಆಚೆ ದಡದ ಮತ್ತಿಮರದಲ್ಲಿ ಹರಿದ ಕೆಂಪು ಪ್ಯಾರಾಚೂಟ್. ಮೊದಲ ಹನಿ ಬಿದ್ದಾಗ ಅವಳು ಕೊಂಬೆಯ ಮೇಲಿದ್ದಳು.

ಪೆಟ್ಟಿಗೆಯ ನೆತ್ತಿಗೆ ಅವಳು ಅಂಟಿಸಿರದ ಸೋಲಾರ್ ಪ್ಯಾನೆಲ್ ಇತ್ತು. ಪಕ್ಕದಲ್ಲಿ ಮೇಷ್ಟ್ರ ಅಕ್ಷರ: ‘ಶರಣ್ಯಾ ಲೆಕ್ಕ ನಂಬಬಾರದು.’ ನಗು ಬಂತು, ಅದರ ಹಿಂದೆಯೇ ಅಳು. ಗಂಟೆಯ ತಂತಿ ಕಿತ್ತು, ಪೆಟ್ಟಿಗೆಯನ್ನು ವೇಲಿನಲ್ಲಿ ಸುತ್ತಿ ಇಳಿದಳು. ಇಳಿಯುವಾಗ ಇನ್ನೊಂದು ಸಲ ಕೇಳಿಸಿತೋ ಇಲ್ಲವೋ, ಚಂದ್ರುವನ್ನು ಕೇಳುವ ಧೈರ್ಯವಾಗಲಿಲ್ಲ.

ಸಂಜೆ ಪುಷ್ಪಮ್ಮ ಸ್ಪೀಕರಿನ ಹತ್ತಿರ ಕೂತರು. “ಬಿಡು ಮಾರಾಯ್ತಿ, ಹೋಗ್ಲಿ ಅದು,” ಎಂದಿತು ಮೇಷ್ಟ್ರ ದನಿ. ಆಮೇಲೆ ಗಂಟೆ. ಹದಿನೇಳು ಕಿಲೋಮೀಟರ್‌ವರೆಗೆ ನಮ್ಮ ಮಳೆ ಮೋಡಗಳ ಪದರ, ಅದರ ತುದಿಯಲ್ಲಿ ಸೊನ್ನೆಗಿಂತ ಎಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿ, ಅಲ್ಲಿಂದಾಚೆ ಓಝೋನ್ ಬಿಸಿಲು ಹೀರಿ ಮತ್ತೆ ಬೆಚ್ಚಗಾಗುವ ಪದರ ಎಂದು ಶರಣ್ಯಾ ಹೇಳುತ್ತ ಹೋದಳು. ಸದ್ದು ಸಣ್ಣದಾಗುತ್ತ ಬಂತು. ಎಂಟೂವರೆಗೆ ಏನೂ ಇರಲಿಲ್ಲ.

“ನಿಂತೋಯ್ತಾ?”

“ಇಲ್ಲಮ್ಮ. ಬಡೀತಾನೇ ಇದೆ. ನಮಗೆ ಕೇಳಿಸೋಷ್ಟು ಗಾಳಿ ಇಲ್ಲ ಅಲ್ಲಿ.”

ಪುಷ್ಪಮ್ಮ ಏಳಲಿಲ್ಲ. ಬಹಳ ಹೊತ್ತಿನ ಮೇಲೆ, ಪೆಟ್ಟಿಗೆ ಮತ್ತೆ ದಟ್ಟ ಗಾಳಿಗೆ ಇಳಿದಾಗ, ಸ್ಪೀಕರಿನಲ್ಲಿ ಎಲ್ಲೋ ದೂರದಲ್ಲಿ, ಕೂದಲೆಳೆಯಷ್ಟು ತೆಳುವಾಗಿ, ಟಿಣ್.

ಬಾಗಿಲು ತಟ್ಟಿದವರಿಗೆ ಓಗೊಡುವಂತೆ ಅವರು ಮೆಲ್ಲಗೆ ಅಂದರು: “ಹ್ಞೂಂ.”