ಸತ್ತೆವ್ವನ ಕೆಂಪು ಸಾಲು

"ಕೀಳಬ್ಯಾಡ್ರಿ, ಗುರುಗಳ!"

ಸತ್ತೆವ್ವ ಓಡಿಬಂದು ತನ್ನ ಗೋವಿನಜೋಳದ ಮುಂದೆ ಕೈ ಚಾಚಿ ನಿಂತಳು.

ಮೂಡಲಗಿಯ ಬಾಜೂಕಿನ ಪುಟ್ಟ ವಾಡಿಯಲ್ಲಿತ್ತು ಅವಳ ಶಾಲೆ. ಶಾಲೆಯ ತೋಟದಲ್ಲಿ ನಾಲ್ಕನೇ ಇಯತ್ತೆಯ ಮಕ್ಕಳಿಗೆ ತಲೆಗೊಂದು ಸಾಲು ಗೋವಿನಜೋಳ. ಎಲ್ಲರ ಸಸಿಗಳೂ ಹಸಿರು. ಸತ್ತೆವ್ವ ದಿನಾ ನೀರು ಹಾಕಿ ಬೆಳೆಸಿದ ಸಸಿಗಳು ಮಾತ್ರ ಮೂರೇ ದಿನದಲ್ಲಿ ನೇರಳೆಗೆಂಪು!

"ರೋಗ ಬಂದೈತಿ, ತಂಗಿ. ಉಳದಾವಕ್ಕೂ ಹತ್ತೀತು," ಅಂದರು ಪರಪ್ಪ ಗುರುಗಳು. ಅವರ ಕೈಯಲ್ಲಿ ಕಳೆ ಕೀಳುವ ಕುರ್ಪಿ. "ಗೋಕಾಕದಿಂದ ಒಕ್ಕಲುತನದ ಸಾಹೇಬ್ರು ಇನ್ನೇನು ಬರ್ತಾರ. ಅದಕ್ಕೂ ಮೊದ್ಲ ಕಿತ್ತು ಒಗೀಬೇಕು."

"ಇಕಿ ಅರಿಬಿ ಒಗದ ನೀರು ಹಾಕ್ಯಾಳ್ರಿ!" ಗೆಳೆಯ ಕೇದಾರಿ ಕಿಸಕ್ಕನೆ ನಕ್ಕ.

ಸತ್ತೆವ್ವನಿಗೆ ಸಿಟ್ಟು ನೆತ್ತಿಗೇರಿತು. "ಸುಳ್ಳ ಹೇಳಬ್ಯಾಡ! ಎಲ್ಲಾರೂ ಹಾಕೂದು ಒಂದ ಬಾವಿ ನೀರು!"

ಅಷ್ಟರಲ್ಲಿ ಥಂಡಿ ಗಾಳಿ ಬೀಸಿತು. ಹುಡುಗರೆಲ್ಲ ಹೂಹೂಹೂ ಎಂದು ನಡುಗುತ್ತ ತೋಟದಂಚಿನ ಗೋಡೆಯ ಮರೆಗೆ ಓಡಿದರು.

ಅಯ್ಯ! ಆಗಲೇ ಅವಳಿಗೆ ಹೊಳೆದದ್ದು. ಗೋಡೆಯ ಮರೆಗಿದ್ದ ಸಾಲುಗಳೆಲ್ಲ ಹಸಿರು. ಬಯಲಿಗೆ ಬಿದ್ದದ್ದು ಅವಳದೊಂದೇ!

"ರೋಗ ಅಲ್ರೀ! ಥಂಡಿರೀ! ನನ್ನ ಸಾಲಿಗಷ್ಟ ಗೋಡಿ ಇಲ್ರೀ!"

"ಖರೆ ಐತಿ!" ಹಿಂದಿನಿಂದ ದನಿ ಬಂತು. ಸಾಹೇಬರು! ಸೈಕಲ್ ನಿಲ್ಲಿಸಿ ಬಂದವರೇ ಕೆಂಪು ಎಲೆಯೊಂದನ್ನು ಹಿಡಿದು ನೋಡಿದರು. "ಕೀಳಬ್ಯಾಡ್ರಿ, ಗುರುಗಳ. ಥಂಡಿ ಹೆಚ್ಚಾದ್ರ, ಎಲಿ ಮಾಡಿದ ಸಕ್ಕರಿ ಬೇರಿಗೆ ಸರಿಯಾಗಿ ಇಳಿಯೂದಿಲ್ಲ. ಎಲ್ಯಾಗ ಉಳೀತೈತಿ. ಆಗ ಸಸಿ ತಾನ ಈ ಕೆಂಪು ಬಣ್ಣ ಮಾಡ್ಕೊಂತೈತಿ."

"ಯಾಕ್ರಿ?" ಸತ್ತೆವ್ವ ಸಾಹೇಬರ ಹತ್ತಿರ ಸರಿದಳು.

"ಥಂಡ್ಯಾಗ ನಡುಗೂ ಎಲಿಗೆ ಬಿಸಲೂ ತಡಿಯಾಕ ಆಗೂದಿಲ್ಲವ್ವ. ಈ ಬಣ್ಣ ಅದಕ್ಕ ಛತ್ರಿ ಇದ್ದಂಗ."

"ಸಾಯೂದಿಲ್ಲೇನ್ರಿ?"

"ನಡುವಿನ ಸುಳಿ ನೋಡು."

ಸತ್ತೆವ್ವ ಮಂಡಿಯೂರಿ ಬಗ್ಗಿದಳು. ಕೆಂಪು ಎಲೆಗಳ ನಡುವೆ ಎಳೆಯ ಸುಳಿಯೊಂದು ಹಸಿರಾಗಿ ಇಣುಕುತ್ತಿತ್ತು. "ಐತ್ರೀ! ಹಸರ ಐತ್ರೀ!" ಎಂದು ಕೂಗಿಯೇಬಿಟ್ಟಳು.

ಗುರುಗಳು ಕುರ್ಪಿ ಕೆಳಗಿಟ್ಟರು. "ನಂದ ತಪ್ಪಾತವ್ವ," ಅಂದರು.

"ಏ ಸತ್ತಿ, ನಮ್ಮ ಗೋಡಿ ಕೆಡವೂಣೇನ? ನಂದೂ ಕೆಂಪ ಆಗ್ಲಿ!" ಕೇದಾರಿ ಕುಣಿದ. ಎಲ್ಲರೂ ಘೊಳ್ಳೆಂದು ನಕ್ಕರು. ಸಾಹೇಬರನ್ನು ಸುತ್ತುಗಟ್ಟಿ ಉಳಿದ ಸಾಲುಗಳ ಕಡೆ ಎಳೆದುಕೊಂಡು ಹೋದರು.

ಸತ್ತೆವ್ವ ಮಾತ್ರ ಅಲ್ಲೇ ಕೂತಳು. ತಣ್ಣಗಿದ್ದ ಕೆಂಪು ಎಲೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. ತಾನು ಮೂರು ದಿನ ಕಣ್ಣೀರು ಹಾಕುತ್ತ ಕೂತಿದ್ದಾಗ, ಈ ಕೂಸುಗಳು ಒಂದಿಷ್ಟೂ ಗದ್ದಲ ಮಾಡದೆ ತಮ್ಮ ಛತ್ರಿ ತಾವೇ ಮಾಡಿಕೊಳ್ಳುತ್ತಿದ್ದವಲ್ಲ!