ಹಗೇವಿನ ಬಾಯಿ

ಗುಳುಕ್...

ರಾಜೇಶ್ವರಿ ಕಣ್ಣು ತೆರೆದಳು. ಮಧ್ಯರಾತ್ರಿ ದಾಟಿತ್ತು. ಮಳೆ ನಿಂತು ಬಹಳ ಹೊತ್ತಾಗಿತ್ತು. ಮಾಳಿಗೆಯಿಂದ ಹನಿ ಬೀಳುವ ಸದ್ದಲ್ಲ ಅದು. ಮಣ್ಣಿನ ಹೆಂಟೆಯೊಂದು ಆಳದ ನೀರಿಗೆ ಜಾರಿ ಬಿದ್ದಂತೆ, ಒಂದೇ ಸಲ, ಮೆತ್ತಗೆ. ಬಂದದ್ದು ಓಣಿಯಿಂದಲ್ಲ, ಹಿತ್ತಲಿನಿಂದಲೂ ಅಲ್ಲ. ತಾನು ಮಲಗಿದ್ದ ನೆಲದ ಕೆಳಗಿನಿಂದ! ಮಗ್ಗುಲಲ್ಲಿ ಆರು ವರ್ಷದ ಚಿನ್ನು ನಿದ್ದೆಹೋಗಿದ್ದಳು. ರಾಜೇಶ್ವರಿ ಹಾಸಿಗೆ ಸಮೇತ ಮಗಳನ್ನು ಗೋಡೆಯ ಬದಿಗೆ ಎಳೆದುಕೊಂಡಳು. ಬೆಳಗಾಗುವವರೆಗೂ ಅಂಗೈಯನ್ನು ನೆಲಕ್ಕೆ ಒತ್ತಿಕೊಂಡೇ ಕುಳಿತಿದ್ದಳು.

ನರಗುಂದದ ಹಳೆಯ ಓಣಿಗಳಲ್ಲಿ ಈಗ ಯಾರಿಗೂ ನೆಮ್ಮದಿಯ ನಿದ್ದೆಯಿರಲಿಲ್ಲ. ಹಿಂದಿನವರು ಜೋಳ ಕೂಡಿಡಲು ಮನೆಯೊಳಗೇ ಹಗೇವು ತೋಡಿದ್ದರು. ಎರಡಾಳು ಆಳ, ಒಳಗೆ ಕೊಡದಂಥ ಹೊಟ್ಟೆ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಕಾಲುವೆ ಬಂದ ಮೇಲೆ ನೆಲದ ನೀರು ಮೇಲಕ್ಕೇರಿತು; ಮಳೆ ಹಿಡಿದರೆ ಆ ಮರೆತ ಹಗೇವುಗಳಲ್ಲಿ ನೀರು ನಿಂತು ಮಣ್ಣು ಕರಗತೊಡಗಿತು. ಕಳೆದ ಶ್ರಾವಣದಲ್ಲಿ ಎರಡು ಮನೆ ಆಚೆ ಅಡಿಗೆಮನೆಯೇ ಒಲೆಯೊಂದಿಗೆ ಕೆಳಗಿಳಿದಿತ್ತು. ಪುರಸಭೆಯವರು ಮನೆಮನೆಗೆ ಬಂದು ಕೇಳಿದಾಗ ಅತ್ತೆ ಶೇಖವ್ವ ಹೊಸ್ತಿಲಲ್ಲೇ ಅಡ್ಡ ನಿಂತು, “ಇತ್ತರಿ ಒಂದು. ನಲವತ್ತು ವರ್ಷದ ಹಿಂದ ಮಣ್ಣು ತುಂಬಿ ಮುಚ್ಚೇವಿ,” ಎಂದು ಕಳಿಸಿಬಿಟ್ಟಿದ್ದಳು. ಆ ಹಗೇವಿನಲ್ಲಿ ಜಾರಿಬಿದ್ದೇ ಶೇಖವ್ವನ ಮೈದುನ ಅಜ್ಜಪ್ಪ ಸತ್ತನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದರ ಮಾತೆತ್ತಿದರೆ ಮುದುಕಿ ಎದ್ದುಹೋಗುತ್ತಿದ್ದಳು.

ಬೆಳಿಗ್ಗೆ ರಾಜೇಶ್ವರಿ ಗಂಡನಿಗೆ ಹೇಳಿದಳು. ಕೊಟ್ರೇಶ ಕಾಳಿನ ಅಂಗಡಿಗೆ ಹೊರಡುವ ಅವಸರದಲ್ಲಿದ್ದ.

“ಬಿ.ಎ. ಓದಿದವರ ಕಿವಿ ಭಾಳ ಚುರುಕ ನೋಡು. ಇಲಿ ಇದ್ದೀತು ಬಿಡ.”

“ಇಲಿ ನೀರಾಗ ಈಜು ಹೊಡೀತಾವೇನ್ರಿ?” ರಾಜೇಶ್ವರಿ ಗೋಡೆ ತೋರಿಸಿದಳು. ದಿನಕ್ಕೊಂದರಂತೆ ಅವಳು ಎಳೆದಿದ್ದ ಪೆನ್ಸಿಲ್ ಗೆರೆಗಳನ್ನು ದಾಟಿ ತೇವ ಮೊಣಕಾಲೆತ್ತರ ಏರಿತ್ತು. “ಸುಣ್ಣ ಉದರಾಕತ್ತೇತಿ. ಎಂಟು ದಿನದಾಗ ಇಷ್ಟು ಏರೇತಿ ನೋಡ್ರಿ.”

ಕೊಟ್ರೇಶ ಬಗ್ಗಿ ನೋಡುವಷ್ಟರಲ್ಲಿ ಶೇಖವ್ವನ ದನಿ ಬಂತು. “ತವರೂರು ಲಕ್ಕಲಕಟ್ಟಿ ಕಲ್ಲಿನ ಮ್ಯಾಲ ಮಲಗಿ ಬೆಳದಾಕಿಗೆ ಎರಿ ನೆಲದ ಸಪ್ಪಳ ಏನ್ ತಿಳೀತೈತಿ? ಬಂದ ದಿನದಿಂದ ಅಂಜೂದ ಆತು, ಅಂಜಸೂದ ಆತು! ನಡಿ ಕೊಟ್ರ್ಯಾ, ನಿನಗ ಹೊತ್ತಾತು.”

ಅವನು ಹೋದ. ರಾಜೇಶ್ವರಿ ಸುಮ್ಮನಿರಲಿಲ್ಲ. ಮಧ್ಯಾಹ್ನ ಅತ್ತೆ ಮಠಕ್ಕೆ ಹೋದ ಸಮಯ ನೋಡಿ ಗೌಂಡಿ ರಫೀಕನನ್ನು ಕರೆಸಿದಳು. ಅವನು ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹಾರೆಯ ತುದಿಯಿಂದ ನೆಲವನ್ನು ತಟ್ಟುತ್ತ ಬಂದ. ಟಕ್, ಟಕ್, ಟಕ್... ನಡುಗಂಬದ ಪಕ್ಕದಲ್ಲಿ ಸದ್ದು ಬದಲಾಯಿತು. ಧಂ. ರಫೀಕನ ಕೈ ನಿಂತಿತು.

“ತುಂಬಿದ ನೆಲ ಹಿಂಗ ಮಾತಾಡಂಗಿಲ್ರಿ ವೈನ್ಯಾರ. ಒಳಗ ಪೊಳ್ಳ ಐತಿ.”

“ಅತ್ತಿ ಮಣ್ಣು ತುಂಬೇವಿ ಅಂತಾರಲ್ಲ?”

“ಅವರನ್ನ ಕೇಳ್ರಿ. ಹೊರಗ ಸಿಮೆಂಟ್ ರಸ್ತಾ ಎತ್ತರ ಆತು, ಗಟಾರದ ನೀರು ನಿಮ್ಮ ತಳಪಾಯಕ್ಕ ಹೊಳ್ಳೇತಿ. ಮೊದಲ ಅದನ್ನ ತಡೀಬೇಕು. ಆಮ್ಯಾಲ ಬಾಯಿ ತಗದು, ನೀರ್ ಎತ್ತಿ, ಗರಸು ಮಣ್ಣು ತುಂಬಬೇಕು. ಕಸಾ, ಹೊಟ್ಟು ಒಗದು ಮುಚ್ಚಿದ್ರ ಮತ್ತ ಕುಸೀತೈತಿ. ಒಂದೊಂದ ಪದರ ಹಾಕಿ, ಬಡದು ಧಮ್ಮಸ ಮಾಡ್ಬೇಕು. ತಡಾ ಮಾಡಬ್ಯಾಡ್ರಿ, ಈ ಕಂಬ ಅದರ ದಂಡಿಮ್ಯಾಲ ನಿಂತೇತಿ.”

“ಯಾವನೋ ಅಂವ, ನನ್ನ ನೆಲಾ ಬಡ್ಯಾವ!”

ಬಾಗಿಲಲ್ಲಿ ಶೇಖವ್ವ ನಿಂತಿದ್ದಳು. ವಿಭೂತಿ ಹಚ್ಚಿದ ಹಣೆಯಲ್ಲಿ ಬೆವರು. ರಫೀಕ ಹಾರೆ ಎತ್ತಿಕೊಂಡು ಮೆಲ್ಲಗೆ ಹೊರಬಿದ್ದ.

“ಅತ್ತಿ, ಖರೇ ಹೇಳ್ರಿ, ಮಣ್ಣು ತುಂಬೀರೇನು?”

“ಈ ನೆಲಾ ಒಡದ್ರ ನನ್ನ ಹೆಣದ ಮ್ಯಾಲ ಒಡೀಬೇಕು! ತಿಳೀತಿಲ್ಲೋ?”

“ಒಡೀಲಿಲ್ಲಂದ್ರ ನನ್ನ ಮಗಳ ಹೆಣಾ ತಗೀಬೇಕಾಗತೈತಿ!” ರಾಜೇಶ್ವರಿಯ ದನಿ ಏರಿತು. ಮದುವೆಯಾಗಿ ಹತ್ತು ವರ್ಷದಲ್ಲಿ ಅವಳು ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಪೆಟ್ಟು ಬೀಳುತ್ತದೆಂದುಕೊಂಡಳು. ಆದರೆ ಶೇಖವ್ವ ಬಯ್ಯಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಕದ ಮುಚ್ಚಿಕೊಂಡಳು. ಆ ಮುಚ್ಚಿದ ಕದ ರಾಜೇಶ್ವರಿಯನ್ನು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು. ಮುದುಕಿಗೆ ಎಲ್ಲವೂ ಗೊತ್ತಿದೆ... ಗೊತ್ತಿದ್ದೂ ನಮ್ಮನ್ನು ಇದರ ಮೇಲೆ ಮಲಗಿಸುತ್ತಿದ್ದಾಳೆ!

ನಾಳೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುವುದೆಂದು ಅವಳು ಚೀಲ ಕಟ್ಟಿದಳು. ಆದರೆ ನೆಲ ನಾಳೆಯವರೆಗೆ ಕಾಯಲಿಲ್ಲ.

ಸಂಜೆ ನಾಲ್ಕರ ಸುಮಾರಿಗೆ ಮತ್ತೆ ಮಳೆ ಹೊಡೆಯಿತು. ಚಿನ್ನು ತಾಯಿಯ ಕಣ್ಣು ತಪ್ಪಿಸಿ ಎಂದಿನಂತೆ ಕಂಬಕ್ಕೆ ಒರಗಿ ಮಗ್ಗಿ ಬರೆಯುತ್ತಿದ್ದಳು. “ಬಾ ಇಲ್ಲಿ, ಹೆರಳ ಹಾಕ್ತೀನಿ,” ಎಂದು ರಾಜೇಶ್ವರಿ ಕೂಗಿದಳು. ಹುಡುಗಿ ಗೊಣಗುತ್ತಲೇ ಎದ್ದು ನಾಲ್ಕು ಹೆಜ್ಜೆ ಬಂದಿರಬೇಕು. ಬೆನ್ನ ಹಿಂದೆ ನೆಲ ಒಮ್ಮೆ ನಿಟ್ಟುಸಿರು ಬಿಟ್ಟಂತಾಗಿ ಕುಸಿಯಿತು! ಪಾಟಿಚೀಲ, ಜೋಳದ ಡ್ರಮ್ಮು, ಚಾಪೆ ಎಲ್ಲವೂ ಒಳಗೆ ಹೋದವು. ಆಳದಲ್ಲಿ ನೀರು ಧಡ್ ಎಂದಿತು. ಕೊಳೆತ ವಾಸನೆ ಮನೆಯನ್ನೆಲ್ಲ ತುಂಬಿತು. ರಾಜೇಶ್ವರಿ ಮಗಳನ್ನು ಎದೆಗವಚಿಕೊಂಡು ಬೀದಿಗೆ ಓಡಿ, ಮಳೆಯಲ್ಲಿ ನಿಂತು, ಅವಳ ಕೈಕಾಲುಗಳನ್ನು ಮತ್ತೆಮತ್ತೆ ಮುಟ್ಟಿ ನೋಡಿದಳು.

ಕೊಟ್ರೇಶ ಅಂಗಡಿಯಿಂದ ಓಡಿಬಂದ. ಅವನ ಹಿಂದೆಯೇ ರಫೀಕ ಪಂಪು ಹೊತ್ತು ತಂದ. ಕಂಬ ಆಗಲೇ ಎರಡು ಬೆರಳು ವಾಲಿತ್ತು. ಅದಕ್ಕೊಂದು ತೊಲೆ ಆನಿಸಿ ನಿಲ್ಲಿಸಿದರು. ಆದರೆ ಪಂಪಿನ ಪೈಪು ನೀರಿಗೆ ಇಳಿಯದೆ ಡ್ರಮ್ಮಿನ ಮೇಲೇ ಕೂತಿತು.

“ನಾನ ಇಳೀತೀನಿ,” ಎಂದ ಕೊಟ್ರೇಶ, ಸೊಂಟಕ್ಕೆ ಹಗ್ಗ ಬಿಗಿಯುತ್ತ. “ಟೊಂಕಮಟಾನೂ ನೀರಿಲ್ಲ. ಡ್ರಮ್ ಸರಸಿ ಬಂದಬಿಡ್ತೀನಿ.”

ಅವನ ಒಂದು ಕಾಲು ಒಳಗಿಳಿದಿತ್ತು.

“ಇಳೀಬ್ಯಾಡಾ...!”

ಅದು ಮನುಷ್ಯರ ಕೂಗಿನಂತಿರಲಿಲ್ಲ. ಶೇಖವ್ವ ಕೆಸರಿನಲ್ಲಿ ಬಿದ್ದು ಮಗನ ಇನ್ನೊಂದು ಕಾಲನ್ನು ತಬ್ಬಿಕೊಂಡಿದ್ದಳು. “ಕಂದೀಲ ಇಳಸ್ರೋ ಮೊದಲ! ಕಂದೀಲ! ದೀಪಾ ನೋಡದ ಯಾರೂ ಇಳೀಬ್ಯಾಡ್ರೋ!”

“ಯವ್ವಾ, ಬಿಡ ಕಾಲ...”

“ಸುಮ್ಮನಿರ್ರಿ ನೀವು!” ರಾಜೇಶ್ವರಿ ಗಂಡನ ಅಂಗಿ ಹಿಡಿದಳು. ಅಟ್ಟದ ಮೇಲಿದ್ದ ಹಳೆಯ ಕಂದೀಲನ್ನು ತಂದು ಹೊತ್ತಿಸಿ, ಹುರಿಯಲ್ಲಿ ಕಟ್ಟಿ ಇಳಿಬಿಟ್ಟಳು. ಒಂದು ಮೊಳ, ಎರಡು ಮೊಳ... ಮೂರನೆಯ ಮೊಳಕ್ಕೆ ಬೆಳಕು ಕುಗ್ಗಿತು. ಮತ್ತೂ ಸ್ವಲ್ಪ ಇಳಿದದ್ದೇ ತಡ, ಯಾರೋ ಊದಿದಂತೆ ಆರಿಹೋಯಿತು. ಮೇಲೆಳೆದು ಮತ್ತೆ ಹೊತ್ತಿಸಿದಳು. ಮತ್ತೆ ಅಲ್ಲಿಗೇ ಆರಿತು.

ಕೊಟ್ರೇಶ ಕಾಲನ್ನು ಮೇಲೆಳೆದುಕೊಂಡು ಸೊಂಟದ ಹಗ್ಗ ಬಿಚ್ಚಿದ. “ಕೆಟ್ಟ ಗಾಳಿ ಐತ್ರಿ,” ರಫೀಕ ಪಿಸುಗುಟ್ಟಿದ. “ಇಳಿದಿದ್ರ ಮ್ಯಾಲ ಬರತಿದ್ದಿಲ್ಲ ಅಣ್ಣಾರು.”

ಅವರು ಮೇಲಿನಿಂದಲೇ ಕೊಕ್ಕೆ ಹಾಕಿ ಡ್ರಮ್ಮು ಸರಿಸಿದರು, ನೀರು ಎತ್ತಿದರು. ರಾತ್ರಿಯೇ ಎರಡು ಟ್ರ್ಯಾಕ್ಟರ್ ಗರಸು ಬಂತು. ತುಂಬುವುದು, ಬಡಿಯುವುದು ಮೂರು ದಿನ ನಡೆಯಿತು. ಗಟಾರದ ನೀರು ಹೊಳ್ಳದಂತೆ ಬಾಗಿಲ ಹೊರಗೆ ಕಲ್ಲಿನ ಕಟ್ಟೆ ಎದ್ದಿತು.

ಮೂರನೆಯ ದಿನ ಶೇಖವ್ವ ಹಿತ್ತಲಿನಲ್ಲಿ ಸೊಸೆಯನ್ನು ಹತ್ತಿರ ಕರೆದಳು. ನೆಲ ಕುಸಿದ ದಿನದಿಂದ ಮುದುಕಿ ತುತ್ತು ಮುಟ್ಟಿರಲಿಲ್ಲ.

“ರಾಜೀ... ಅಜ್ಜಪ್ಪ ಜಾರಿ ಬೀಳಲಿಲ್ಲವಾ.”

ರಾಜೇಶ್ವರಿ ಅವಳೆದುರು ಕುಳಿತಳು.

“ಮುಂಜಾನೆ ಬಾಯಿ ತಗದು ಸಂಜೀತನಕಾ ಬಿಡಬೇಕು, ಆಮ್ಯಾಲ ಕಂದೀಲ ಇಳಸಬೇಕು, ಅದು ಈ ಮನಿ ಪದ್ಧತಿ. ಅವತ್ತ ಬೀಗರು ಬಂದಿದ್ರು. ಜ್ವಾಳ ಇಲ್ಲ. ನಮ್ಮತ್ತಿ ಒಳಗಿಂದ ಒದರಾಕತ್ತಿದ್ರು. ಆಗಿಂದಾಗ ತಗದ್ವಿ. ಕಂದೀಲ ಇಳಿಸಿದೆ... ಆರಿತು. ಎಣ್ಣಿ ಇಲ್ಲೇನೋ ಅನಕೊಂಡೆ. ಅಂವ ಹಗ್ಗಾ ಕಟ್ಟಿಗೋತ ಕೇಳ್ದಾ, ‘ವೈನೀ, ದೀಪಾ ಹತ್ತೇತೇನ?’ ಅಂತ. ನಾ ‘ಹತ್ತೇತಿ, ಇಳೀ’ ಅಂದೆ... ಹತ್ತೇತಿ ಅಂದೆನವಾ!” ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. “ಜಾರಿ ಬಿದ್ದ ಅಂದ್ರು ಎಲ್ಲಾರೂ. ನಾ ಹೂಂ ಅಂದೆ. ತುಂಬಬೇಕಂದ್ರ ಬಾಯಿ ತಗೀಬೇಕಲ್ಲ, ನನಗ ಧೈರ್ಯ ಆಗಲಿಲ್ಲ. ಕಲ್ಲು ಮುಚ್ಚಿ ಗಾರಿ ಹಾಕಿಸಿದ್ವಿ. ತಗದ್ರ ಮತ್ತ ಯಾರರ ಇಳೀತಾರ ಅಂತ...”

ರಾಜೇಶ್ವರಿಯ ಮೈಯೆಲ್ಲ ಕಾದಿತು. ಒಂದು ಮಾತು ಮುಚ್ಚಿಡಲು ನನ್ನ ಕೂಸನ್ನು ಅದರ ಮೇಲೆ ಆಡಲು ಬಿಟ್ಟಳಲ್ಲ! ಆ ಸಿಟ್ಟು ಇಳಿಯಲಿಲ್ಲ. ಆದರೆ ಎದುರಿಗೆ ಕೂತಿದ್ದವಳು ಹತ್ತು ವರ್ಷ ತನ್ನನ್ನು ಹೆದರಿಸಿದ ಅತ್ತೆಯಲ್ಲ. ತನಗಿಂತ ನಾಲ್ಕು ಪಟ್ಟು ಕಾಲ ಇದೇ ನೆಲಕ್ಕೆ ಅಂಜಿ ಬದುಕಿದ ಹೆಂಗಸು.

“ಇನ್ನೊಂದು ಹಗೇವು ಐತೇನ್ರಿ ಅತ್ತಿ ಈ ಮನ್ಯಾಗ?”

“ಇಲ್ಲವಾ. ಆಣಿ ಮಾಡ್ಲೇನು?”

“ಆಣಿ ಬ್ಯಾಡ್ರಿ. ಖರೇ ಹೇಳ್ರಿ ಸಾಕು.”

“ಇಲ್ಲ... ಖರೇ ಇಲ್ಲ.”

ಅಷ್ಟರಲ್ಲಿ ಕೊಟ್ರೇಶ ಕೈಕಾಲು ತೊಳೆಯಲು ಹಿತ್ತಲಿಗೆ ಬಂದ. “ಯವ್ವಾ, ಕಂದೀಲಿನ ಮಾತು ನಿನಗ ಹ್ಯಾಂಗ ನೆನಪಾತು? ಕಾಕಾನೂ ಈ ಕೆಟ್ಟ ಗಾಳಿಗೇ ಬಿದ್ದನೇನೋ... ಅವತ್ತ ಅವಗ ಯಾರರ ಹಿಂಗ ಹೇಳಿದ್ರ...” ಎಂದವನು, ತಾಯಿಯ ಮುಖ ನೋಡಿ ಹೆಂಡತಿಯತ್ತ ತಿರುಗಿದ. “ಯಾಕ ಅಳಾಕತ್ತಾಳ? ಏನಂದ್ಲು?”

ಶೇಖವ್ವ ತಲೆ ಎತ್ತಲಿಲ್ಲ. ಬೇಡವೆಂದೂ ಕೇಳಿಕೊಳ್ಳಲಿಲ್ಲ.

ಗಂಡನಿಂದ ರಾಜೇಶ್ವರಿ ಈವರೆಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವನು ತೊಟ್ಟಿಲಲ್ಲಿದ್ದಾಗ ಎತ್ತಿ ಆಡಿಸಿದ ಕಾಕಾ ಅಜ್ಜಪ್ಪ. ಮೂರು ದಿನದ ಹಿಂದಷ್ಟೇ ಮಗನ ಜೀವ ಉಳಿಸಿಕೊಂಡ ತಾಯಿ ಈ ಶೇಖವ್ವ. ನಿಜ ಹೇಳಿದರೆ ಸತ್ತ ಕಾಕಾನ ಜೊತೆಗೆ ಬದುಕಿರುವ ತಾಯಿಯನ್ನೂ ಅವನು ಇಂದೇ ಕಳೆದುಕೊಳ್ಳುತ್ತಾನೆ. ಯಾರಿಗೂ ಹೇಳಬಾರದು... ಇವರಿಗೂ ಬೇಡ, ತವರಿನವರಿಗೂ ಬೇಡ, ನಾಳೆ ದೊಡ್ಡವಳಾಗಿ ಕೇಳಿದರೆ ಚಿನ್ನುಗೂ ಬೇಡ.

“ಏನಿಲ್ರಿ,” ಎಂದಳು ಅವಳು, ಅತ್ತೆಯ ತೋಳು ಹಿಡಿದು ಎಬ್ಬಿಸುತ್ತ. “ಮೂರು ದಿನಾ ಉಂಡಿಲ್ಲಲ್ಲ, ಅದಕ್ಕ. ಏಳ್ರಿ ಅತ್ತಿ, ರೊಟ್ಟಿ ಆರಾಕತ್ತಾವು.”