ಅಮೃತ್‌ನ ಮನೆ ಬಾಗಿಲಲ್ಲಿ

"ಯಾರಾದ್ರೂ ಬಂದ್ರೆ ಕೆಮ್ಮು," ಎಂದ ಮಯೂರ್. ಅವನ ಕೈಯಲ್ಲಿ ಉದ್ದನೆಯ ಮೊಳೆ. ಎದುರಿಗೆ ಅಮೃತ್‌ನ ಹೊಸ ಸೈಕಲ್.

ತಂಗಿ ಗಗನಾ ಪಾರ್ಕಿಂಗ್‌ನ ಕಂಬದ ಹತ್ತಿರ ಕಾವಲು ನಿಂತಿದ್ದಳು. ನಿನ್ನೆ ಅಮೃತ್ ಅವಳ ಸೈನ್ಸ್ ಚಾರ್ಟನ್ನು ಇಡೀ ಕ್ಲಾಸಿನ ಮುಂದೆ ಹರಿದುಹಾಕಿದ್ದ. ನಾಲ್ಕು ದಿನ ಕೂತು ಬಿಡಿಸಿದ ಚಾರ್ಟ್.

"ಏನು ನಡೀತಿದೆ ಇಲ್ಲಿ?"

ಕೆಳಗಿನ ಮನೆಯ ಎಸ್ತರ್ ಆಂಟಿ ತರಕಾರಿ ಚೀಲ ಹಿಡಿದು ಹಿಂದೆಯೇ ನಿಂತಿದ್ದರು. ಮಯೂರ್ ಮೊಳೆ ಬಚ್ಚಿಟ್ಟುಕೊಂಡ. ಗಗನಾ ಎಲ್ಲ ಹೇಳಿಬಿಟ್ಟಳು.

ಆಂಟಿ ಬೈಯಲಿಲ್ಲ. ಅವರು ಯೆಹೂದಿಗಳು, ಅಹಮದಾಬಾದಿನಲ್ಲಿ ಅಂಥ ಮನೆಗಳು ಈಗ ಕೆಲವೇ. "ನಮ್ಮ ಧರ್ಮಗ್ರಂಥದಲ್ಲಿ ಒಂದು ಮಾತಿದೆ ಬೇಟಾ," ಎಂದರು. "ಸೈನ್ಯ ಕಟ್ಟಿಕೊಂಡು ಊರಿನ ಮೇಲೆ ಹೋದರೂ, ಮೊದಲು ಶಾಂತಿಯಿಂದ ಇರೋಣವಾ ಅಂತ ಕೇಳಬೇಕು."

"ಅವರು ಆಗಲ್ಲ ಅಂದ್ರೆ?" ಎಂದಳು ಗಗನಾ.

"ಆಗ ಯುದ್ಧ ಅಂತಲೇ ಬರೆದಿದೆ. ಸುಳ್ಳು ಯಾಕೆ ಹೇಳಲಿ? ಆದರೆ ನೀನು ಕೇಳಿದ್ಯಾ?"

ಗಗನಾ ಕೇಳಿರಲಿಲ್ಲ.

ಮೂರನೇ ಮಹಡಿಯಲ್ಲಿ ಬೆಲ್ ಒತ್ತಿದಳು. ಅಮೃತ್‌ನೇ ಬಾಗಿಲು ತೆರೆದ.

"ಜಗಳ ಸಾಕು. ದೋಸ್ತಿ ಮಾಡ್ಕೊಳ್ಳೋಣ್ವಾ?" ಮೆಟ್ಟಿಲಿನುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತು.

ಅಮೃತ್ ನೆಲ ನೋಡುತ್ತ ನಿಂತ. ಮಾತು ಹೊರಡಲು ಅವನಿಗೆ ಯಾವಾಗಲೂ ಸ್ವಲ್ಪ ಹೊತ್ತು ಬೇಕು.

"ಸೋ-ಸೋಮವಾರ ನಾನು ಪಾಠ ಓದುವಾಗ ನೀನು ನನ್ನ ಥರ ಮಾ-ಮಾತಾಡಿ ತೋರಿಸಿದೆ. ಎಲ್ಲರೂ ನಕ್ಕರು. ಆಗ ನೀನು ದೋ-ದೋಸ್ತಿ ಕೇಳಲಿಲ್ಲ."

ಗಗನಾಳಿಗೆ ಅದು ಮರೆತೇ ಹೋಗಿತ್ತು. ಈಗ ನೆನಪಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ತಾನೇ.

"ಸಾರಿ," ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ. ಬಾಗಿಲು ಮುಚ್ಚಿಕೊಂಡಿತು.

ಮಯೂರ್ ಕೆಳಗೆ ಕಾಯುತ್ತಿದ್ದ. "ಏನಂದ?"

"ಒಪ್ಪಲಿಲ್ಲ."

"ಕೇಳಿದ್ದಾಯ್ತಲ್ಲ. ಇನ್ನು ಶುರು ಮಾಡೋಣ."

"ಬೇಡಣ್ಣ. ಶುರು ಮಾಡಿದ್ದು ನಾನೇ."

ಮಯೂರ್‌ಗೆ ಅರ್ಥವಾಗಲಿಲ್ಲ. ಮೊಳೆಯನ್ನು ಜೇಬಿಗೆ ಹಾಕಿಕೊಂಡು ಮೇಲೆ ಹೋದ.

ಗಗನಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಾಳೆ ಕ್ಲಾಸಿನಲ್ಲಿ ಮತ್ತೆ ಅಮೃತ್‌ನ ಸರದಿ ಬರುತ್ತದೆ. ಅವನು ಎದ್ದು ನಿಂತು ಓದುತ್ತಾನೆ, ಯಾವುದೋ ಪದದಲ್ಲಿ ಸಿಕ್ಕಿಕೊಳ್ಳುತ್ತಾನೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ಅವರಿಗೆ ಹಾಗೆ ನಗಲು ಹೇಳಿಕೊಟ್ಟವಳು ಅವಳೇ.